ಸೊನ್ನೆ ತಾಕಿಗೆ ಬಡಿಸಿದ ಯೂರಿಯಾ

ಹೊಳೆಹೊನ್ನೂರಿನ ಆ ಹೊಲದಲ್ಲಿ ನನಗೆ ಬೇಕಾಗಿದ್ದದ್ದು ಹಸಿದ ಸೋಯಾ ಗಿಡಗಳು. ಯೂರಿಯಾ ಹಾಕಿದರೆ ಸೋಯಾ ಇಳುವರಿ ಹೆಚ್ಚುತ್ತದೆಯೇ, ಕಾಳಿನ ಪ್ರೋಟೀನ್ ಉತ್ತಮವಾಗುತ್ತದೆಯೇ ಎಂಬುದು ನನ್ನ ಎಂ.ಎಸ್ಸಿ. ಪ್ರಬಂಧದ ಪ್ರಶ್ನೆ. ಅದಕ್ಕಾಗಿ ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಭಾಗಿಸಿ, ಕೆಲವಕ್ಕೆ ಸ್ವಲ್ಪ, ಕೆಲವಕ್ಕೆ ಹೆಚ್ಚು ಯೂರಿಯಾ ಕೊಟ್ಟಿದ್ದೆ. ಕೆಲವಕ್ಕೆ ಏನೂ ಇಲ್ಲ. ಅವು ಸೊನ್ನೆ ತಾಕುಗಳು. ಉಳಿದವನ್ನೆಲ್ಲ ಹೋಲಿಸಿ ನೋಡಬೇಕಾಗಿದ್ದದ್ದು ಅವುಗಳೊಂದಿಗೆ.

ಸೋಯಾ ತನಗೆ ಬೇಕಾದ ಸಾರಜನಕದ ಬಹುಪಾಲನ್ನು ತಾನೇ ದುಡಿದುಕೊಳ್ಳುವ ಗಿಡ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಗಾಳಿಯಿಂದ ಹಿಡಿದು ಕೊಡುತ್ತವೆ. ಮೇಲಿನಿಂದ ಯೂರಿಯಾ ಸುರಿದರೆ ಗಂಟು ಕಟ್ಟುವುದು ಕಡಿಮೆಯಾಗುತ್ತದೆ. ಹಾಗಾದರೆ ನಾವು ಕೊಟ್ಟದ್ದು ಕಾಳಾಗುತ್ತದೋ, ಬರಿಯ ಎಲೆಯಾಗುತ್ತದೋ? ನನಗೆ ತಿಳಿಯಬೇಕಿತ್ತು. ಈ ಬೆಳೆ ಮುಗಿಯುವವರೆಗೆ ಮದುವೆಯ ಮಾತು ಬೇಡವೆಂದು ಭದ್ರಾವತಿಯ ನಮ್ಮ ಮನೆಯಲ್ಲಿ ಒಪ್ಪಿಸಿದ್ದೆ. ಪ್ರಬಂಧ ಮುಗಿದರೆ ಮುಂದೆ ಓದಬಹುದು, ಇಲ್ಲದಿದ್ದರೆ ಇಲ್ಲ.

ಹೊಲದ ಯಜಮಾನಿ ನನ್ನ ತಾಯಿಯ ವಯಸ್ಸಿನವರು. ನಾನಿಲ್ಲದಾಗ ಕಳೆ ತೆಗೆಸುವುದು, ದನ ನುಗ್ಗದಂತೆ ನೋಡಿಕೊಳ್ಳುವುದು ಅವರೇ. ಸೊನ್ನೆ ತಾಕಿನ ಗಿಡಗಳು ಮೊದಮೊದಲು ತಿಳಿಹಳದಿಯಾಗಿದ್ದವು. ಗಂಟುಗಳು ಕೆಲಸ ಶುರುಮಾಡುವವರೆಗೆ ಹಾಗೆಯೇ.

"ಇವೇನು ಪಾಪ ಮಾಡಿದ್ವೇ? ಮಲತಾಯಿ ಮಕ್ಕಳಾ?" ಎಂದು ಬದುವಿನ ಮೇಲೆ ನಿಂತು ಕೇಳುತ್ತಿದ್ದರು.

"ಅವಕ್ಕೆ ಏನೂ ಹಾಕ್ಬಾರ್ದಮ್ಮ, ಅದೇ ಲೆಕ್ಕ" ಎನ್ನುತ್ತಿದ್ದೆ.

ನಡುವೆ ಜ್ವರ ಹಿಡಿದು ವಾರಗಟ್ಟಲೆ ಶಿವಮೊಗ್ಗದ ವಿದ್ಯಾನಗರದ ರೂಮಿನಲ್ಲೇ ಉಳಿದೆ. ವಾಸಿಯಾಗಿ ಹೊಲಕ್ಕೆ ಹೋದಾಗ ಸೊನ್ನೆ ತಾಕುಗಳನ್ನು ಹುಡುಕಬೇಕಾಯಿತು. ಎಲ್ಲವೂ ಒಂದೇ ಕಡುಹಸಿರು. ಗೂಟದ ಮೇಲಿನ ಗುರುತು ನೋಡಿ ಒಂದು ಗಿಡ ಕಿತ್ತೆ. ಗಂಟುಗಳು ಕೆಲವೇ ಇದ್ದವು. ಉಗುರಿನಿಂದ ಒಡೆದರೆ, ದುಡಿಯುವ ಗಂಟಿನ ಗುಲಾಬಿ ಬಣ್ಣ ಇರಬೇಕಾದಲ್ಲಿ ಬೂದುಹಸಿರು.

"ಅಮ್ಮ, ಇದಕ್ಕೆ ಏನಾದ್ರೂ ಹಾಕಿದ್ರಾ?"

"ಹಾಕ್ದೆ ಮಾರಾಯ್ತಿ. ಕೊಟ್ಟಿಗೇಲಿ ನಿನ್ನ ಯೂರಿಯಾ ಚೀಲ ಉಳಿದಿತ್ತಲ್ಲ. ನೀನು ಅಲ್ಲಿ ಮಲಗಿದ್ದೆ, ಇವು ಇಲ್ಲಿ ಮುಖ ಸಣ್ಣ ಮಾಡ್ಕೊಂಡು ನಿಂತಿದ್ವು." ಅವರ ದನಿಯಲ್ಲಿ ಸಂಭ್ರಮವಿತ್ತು. "ಒಂದೇ ಪಂಕ್ತೀಲಿ ಕೂರಿಸಿ, ಒಬ್ಬರ ಎಲೆಗೆ ಬಡಿಸಿ ಪಕ್ಕದೋರ ಎಲೆ ಖಾಲಿ ಬಿಡ್ತಾರೇನೇ? ಪಂಕ್ತಿಭೇದ ಮಾಡಿದ ಮನೇಲಿ ಅನ್ನ ನಿಲ್ಲಲ್ಲ."

"ಎಲ್ಲಾ ಖಾಲಿ ತಾಕಿಗೂ ಹಾಕಿದ್ರಾ?"

"ಮತ್ತೆ? ಒಂದನ್ನ ಬಿಟ್ರೆ ಅದೂ ಪಂಕ್ತಿಭೇದಾನೇ ಅಲ್ವಾ? ಈಗ ನೋಡು, ಯಾವ್ದು ಮಲತಾಯಿ ಮಗು ಅಂತ ಗೊತ್ತಾಗುತ್ತಾ?"

ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬೇಕಾಗಿದ್ದದ್ದು ಅದೊಂದೇ. ಊಟಕ್ಕೆ ಕರೆದರು. ಹೋಗಿ ಉಂಡೆ.

ಶಿವಮೊಗ್ಗದಲ್ಲಿ ಮಾರ್ಗದರ್ಶಕರು ತಾಕುಗಳ ಫೋಟೊ ನೋಡಿ ಕನ್ನಡಕ ತೆಗೆದಿಟ್ಟರು. "ಕಂಟ್ರೋಲೇ ಇಲ್ಲ ಅಂದ್ಮೇಲೆ ಯಾವುದಕ್ಕೆ ಹೋಲಿಸ್ತೀರಮ್ಮ? ಮುಂದಿನ ಮುಂಗಾರಿಗೆ ಹೊಸದಾಗಿ ಬಿತ್ತಿ."

ಮುಂದಿನ ಮುಂಗಾರು ನನ್ನ ಕೈಯಲ್ಲಿಲ್ಲ ಎಂದು ಅವರಿಗೆ ಹೇಳಲಿಲ್ಲ. ಅದು ಮನೆಯ ವಿಷಯ.

ಆದರೂ ಕೊಯ್ಲಿನವರೆಗೆ ಹೊಲಕ್ಕೆ ಹೋಗಿಬಂದೆ. ಉಪಯೋಗವಿಲ್ಲವೆಂದು ಗೊತ್ತಿದ್ದೂ ಪ್ರತಿ ತಾಕಿನ ಕಾಳನ್ನು ಬೇರೆಬೇರೆ ಚೀಲಕ್ಕೆ ತುಂಬಿದೆ. ಪ್ರೋಟೀನ್ ಪರೀಕ್ಷೆಯನ್ನೂ ಮಾಡಿಸಿದೆ. ಅಂಕಿಗಳು ಬಂದವು. ಗಿಡ ದುಡಿದದ್ದೆಷ್ಟು, ಚೀಲದಿಂದ ಬಂದದ್ದೆಷ್ಟು ಎಂದು ಅವು ಹೇಳಲಾರವು. ಕೆಲವು ಸಂಜೆ ಸುಮ್ಮನೆ ಅವನ್ನೇ ನೋಡುತ್ತಾ ಕೂರುತ್ತಿದ್ದೆ.

ಉಳಿದ ಕಾಳು ಭದ್ರಾವತಿಗೆ ಬಂತು. ಹುಡುಗನ ಕಡೆಯವರು ಮೊದಲ ಸಲ ಬಂದ ದಿನ ಅಮ್ಮ ಅದರದ್ದೇ ಉಸಲಿ ಮಾಡಿ, "ನಮ್ಮ ಹುಡುಗೀನೇ ಬೆಳೆದಿದ್ದು" ಎಂದರು. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು.

ಹುಡುಗನ ಸೋದರತ್ತೆ ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿದರು. "ಚೆನ್ನಾಗಿದೆ. ಯೂರಿಯಾ ಹಾಕಿದ್ದಕ್ಕೆ ಹಿಂಗೆ ಬಂತಾ, ಇಲ್ಲ ತಾನಾಗೇ ಬಂತಾ?"

"ಹೇಳೋಕಾಗಲ್ಲ" ಎಂದೆ.

"ಅದನ್ನೇ ಓದಿದ್ದು ಅಂದ್ರಲ್ಲ!" ಎಂದು ಅವರು ನಕ್ಕರು. ಸಾಲೆಲ್ಲ ನಕ್ಕಿತು.

ಅಮ್ಮ ಪಾತ್ರೆ ಹಿಡಿದು ಸಾಲಿನ ತುದಿಯಿಂದ ಮತ್ತೆ ಬಡಿಸುತ್ತಾ ಬಂದರು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.