ರಷ್ಯಾದ ಚಳಿ, ಘಟಪ್ರಭಾದ ಬಸ್ಸು

ಮೂಡಲಗಿಯಿಂದ ಘಟಪ್ರಭಾಕ್ಕೆ ಹೊರಟ ಬಸ್ಸಿನಲ್ಲಿ, ಕಟಕ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡಿದ್ದ ತಾಯಿಯೊಬ್ಬರು ನನ್ನ ಕೈಯಲ್ಲಿದ್ದ ಇತಿಹಾಸದ ಪುಸ್ತಕ ನೋಡಿ, "ಏನೈತ್ರಿ ಸರ ಇದರಾಗ?" ಅಂದರು.

ಮಾಸ್ತರಿಕೆಯ ಚಟ. ಜರ್ಮನಿಯ ದಂಡು ರಷ್ಯಾದ ಮೇಲೆ ಏರಿ ಹೋಗಿ ಯಾಕೆ ಸೋತಿತೆಂದು ಶುರು ಮಾಡಿದೆ. "ದೇಶ ದೊಡ್ಡದು, ನಡೆದಷ್ಟೂ ಮುಗೀಲಿಲ್ರಿ. ಚಳಿಗಾಲಕ್ಕ ಮೊದಲ ಗೆದ್ದು ಬರ್ತೀವಿ ಅಂದ್ಕೊಂಡು ಬೆಚ್ಚನ ಅರಿವಿ ಸಾಕಷ್ಟು ಒಯ್ಯಲಿಲ್ಲ. ಹುಡುಗ್ರು ನಿಂತಲ್ಲೇ ಸೆಟೆದು ಸತ್ರು."

ಅವರ ಮುಖ ಬಿಳಿಚಿತು. "ಕಂಬಳೀನೂ ಕೊಡಲಿಲ್ಲೇನ್ರಿ?"

ಹಿಂದಿನ ಸೀಟಿನಿಂದ ಮಿಲಿಟರಿ ಕಟಿಂಗಿನ ಅವರ ಮಗ ಮುಂದಕ್ಕೆ ಬಗ್ಗಿ, "ಯವ್ವಾ, ನಮಗ ಎಲ್ಲಾ ಕೊಡ್ತಾರ" ಅಂದ. ರಜೆ ಮುಗಿಸಿ ಹಿಮದ ಗಡಿಗೆ ಹೊರಟವನು. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ.

ಘಟಪ್ರಭಾದಲ್ಲಿ ಇಳಿದ ತಾಯಿ ಮಗನ ರೈಲಿಗೆಂದು ಸ್ಟೇಷನ್ನಿಗೆ ಹೋಗದೆ ನೇರ ಕಂಬಳಿ ಅಂಗಡಿಗೆ ನಡೆದರು. ಇಷ್ಟು ವರ್ಷ ಪಾಠ ಮಾಡಿದ್ದೇನೆ. ಕೇಳಿದ ಕೂಡಲೇ ಎದ್ದು ಹೋಗಿ ಏನಾದರೂ ಮಾಡಿದವರು ಅವರೊಬ್ಬರೇ.