ಮಗಳ ಕಾರ್ಡಿನ ಮೇಲೆ ಅವ್ವ

ನಮ್ಮ ಅವ್ವನಿಗೆ ಮಗಳ ಮನೆಯ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಮ್ಮಿ. ಗಂಡುಮಗ ಇರೋವಾಗ ಹೆಣ್ಣುಮಗಳ ಮನೇಲಿ ತಟ್ಟೆ ಹಿಡ್ಕಂಡ್ ಕೂತ್ರೆ ಜನ ಏನಂದಾರು?" ಎನ್ನುವಳು. ಜನ! ಆ ಜನ ಒಂದು ದಿನವಾದರೂ ಬಂದು ಅವಳಿಗೊಂದು ಲೋಟ ಗಂಜಿ ಕಾಯಿಸಿಕೊಟ್ಟದ್ದನ್ನು ನಾನಂತೂ ಕಾಣೆ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ನಾವು ಶ್ರೀನಗರದಲ್ಲಿ ಬಾಡಿಗೆಗಿದ್ದೆವು. ನನ್ನ ಯಜಮಾನರು ಜಯನಗರದ ಒಂದು ಪುಟ್ಟ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಾನು ಎರಡು ಬಸ್ಸು ಹಿಡಿದು ಬೊಮ್ಮನಹಳ್ಳಿಗೆ ಹೋಗಿ ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ಶರ್ಟಿನ ಕಾಲರ್ ಹೊಲಿಯುತ್ತಿದ್ದೆ. ಅಣ್ಣ ಜೆ.ಪಿ. ನಗರದ ನಡುವೆ ಸಿಕ್ಕಿಕೊಂಡಿದ್ದ ನಮ್ಮ ಹಳೇ ಊರಿನಲ್ಲೇ ಇದ್ದ. ಹೊಲ ಬಡಾವಣೆಗೆ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿ ಬಾಡಿಗೆಗೆ ಬಿಟ್ಟು, ಇಟ್ಟಿಗೆ, ಮರಳಿನ ವ್ಯಾಪಾರ ಹಿಡಿದಿದ್ದ. ಊರಿನವರ ಕಣ್ಣಿಗೆ ದೊಡ್ಡ ಕುಳ. ಒಳಗಿನದು ನನಗೆ ಗೊತ್ತಿತ್ತು: ಮೇಲೆ ಥಳಕು, ಒಳಗೆ ಹುಳುಕು.

ಅವ್ವ ಅವನ ಮನೆಯಲ್ಲೇ ಇದ್ದಳು. ಅರವತ್ತರ ಹತ್ತಿರ ಬಂದಾಗ ಒಂದು ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಚಿಕೊಂಡಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಅಣ್ಣನಿಗೆ ಲಾರಿಯ ಹಿಂದೆ ಓಡುವುದೇ ಆಯಿತು. ಅತ್ತಿಗೆ "ವಯಸ್ಸಾಯ್ತಲ್ಲ, ಎಲ್ಲಾರ್ಗೂ ಇದ್ದಿದ್ದೇ" ಎಂದಳು. ನಾನು ಹೋಗಿ ನೋಡಿ, ಜಗಳವಾಡಿ, ಆಟೋ ಹತ್ತಿಸಿ ನಮ್ಮ ಮನೆಗೆ ಕರೆತಂದೆ. ಬರುವಾಗ ಅವ್ವ ಒಂದು ಡಬ್ಬಿ ತುಂಬ ರಾಗಿಹಿಟ್ಟು ತಂದಳು. ಮಗನ ಮನೆಯ ಹಿಟ್ಟು. ಅದರ ಮುದ್ದೆಯನ್ನೇ ತಿಂದರೆ ಮಗಳ ಋಣ ಅಂಟುವುದಿಲ್ಲವಂತೆ! ಹಿಟ್ಟು ತಳ ಕಂಡಾಗ ಅವಳಿಗೆ ಕಾಣದ ಹಾಗೆ ನಮ್ಮ ಹಿಟ್ಟು ಸುರಿಯುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು. ತಿಂಗಳುಗಟ್ಟಲೆ ಮುಗಿಯದ ಡಬ್ಬಿ ಯಾವ ಲೋಕದಲ್ಲಿದೆ? ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ನೋಡಿದರು. ಕಿರಿಯ ಡಾಕ್ಟರೊಬ್ಬರು ನನ್ನನ್ನು ಕೂರಿಸಿಕೊಂಡು ಹೇಳಿದರು. "ನೋಡಿಮ್ಮ, ರಕ್ತ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ನಿಮ್ಮ ತಾಯಿಗೆ ಅದೇ ಬತ್ತಿಹೋಗ್ತಾ ಇದೆ. ಈಗ ಹೊರಗಿಂದ ರಕ್ತ ಹಾಕ್ತಾ ಇರಬೇಕು. ಒಡಹುಟ್ಟಿದವರ ಮಜ್ಜೆ ಹೊಂದಿಕೆಯಾದ್ರೆ ಅದನ್ನ ತೆಗೆದು ಇವರಿಗೆ ಹಾಕೋ ಚಿಕಿತ್ಸೆ ಬಂದಿದೆ. ಇಲ್ಲಿಲ್ಲ, ಬೊಂಬಾಯಿ ಕಡೆ. ಆ ಖರ್ಚು ನಾನು ನೀವು ಯೋಚನೆ ಮಾಡೋ ಅಂಥದ್ದಲ್ಲ." ಅಷ್ಟು ಹೇಳಿ ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕಾರ್ಖಾನೆಯ ಗುರುತಿನ ಬಿಲ್ಲೆ ನೋಡಿ, "ಸರ್ಕಾರದ ಕಾರ್ಮಿಕರ ವಿಮೆ ಇದೆಯಾ ನಿಮಗೆ?" ಎಂದರು.

ಇತ್ತು. ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುತ್ತಿದ್ದರು. ಕೆಮ್ಮು ನೆಗಡಿಗೆ ಕೆಂಪು ನೀರು ಕೊಡುವುದಕ್ಕೆ ಇಷ್ಟು ಹಿಡಿಯಬೇಕೇ ಎಂದು ನಾವೆಲ್ಲ ಬೈದುಕೊಳ್ಳುತ್ತಿದ್ದೆವು. ತಾಯಿಯ ಹೆಸರು ನನ್ನ ವಿಮೆ ಕಾರ್ಡಿಗೆ ಸೇರಿದರೆ ರಕ್ತ, ಔಷಧಿ, ಹಾಸಿಗೆ ಎಲ್ಲವೂ ವಿಮೆಯ ಲೆಕ್ಕಕ್ಕೆ. ಮಜ್ಜೆಯ ವಿಚಾರವನ್ನು ಅವರ ದೊಡ್ಡ ಡಾಕ್ಟರುಗಳ ಬೋರ್ಡಿನ ಮುಂದೆ ಇಡಬಹುದು. "ವಯಸ್ಸಾದವರಿಗೆ ಕೊಡ್ತಾರೆ ಅಂತ ನಾನು ಮಾತು ಕೊಡಲ್ಲ. ಕೇಳೋದ್ರಲ್ಲೇನೂ ತಪ್ಪಿಲ್ಲ," ಎಂದರು ಡಾಕ್ಟರು. ನನಗೆ ಅಷ್ಟೇ ಸಾಕಾಯಿತು.

ಮನೆಗೆ ಬಂದು ಹೇಳಿದರೆ ಅವ್ವ "ಥೂ! ಇನ್ನೊಬ್ರ ಮೂಳೆ ಕೊರ್ದು ನಂಗ್ ಹಾಕದಾ? ನಾನೇನ್ ದೆವ್ವನಾ?" ಎಂದಳು. ಅಂಜನಾಪುರದಲ್ಲಿದ್ದ ಚಿಕ್ಕವ್ವ ಮಾತ್ರ ಸುದ್ದಿ ಕೇಳಿದ ಮಾರನೆಯ ದಿನವೇ ಬಂದಿಳಿದು, "ಅಕ್ಕಂಗೆ ತಾನೆ? ಎಲ್ಲಿ ಕೊರೀತೀರೋ ಕೊರ್ಕಳಿ, ಒಂದ್ ಮೂಳೆ ಹೋದ್ರೆ ನನ್ನೇನ್ ಕರೀಗಡುಬು ತಿನ್ನಕ್ಕಾಗದಂಗ್ ಮಾಡ್ತದಾ?" ಎಂದಾಗ ಅವ್ವನಿಗೂ ನಗು ತಡೆಯಲಾಗಲಿಲ್ಲ. ಅವಳಿಗೆ ಬದುಕುವ ಆಸೆಯಿತ್ತು. ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಕಾರ್ಡಿಗೆ ಸೇರಿಸಲು ಒಂದು ನಿಯಮವಿತ್ತು. ತಾಯಿ ನನ್ನ ಜೊತೆಯಲ್ಲೇ ಇರಬೇಕು, ನನ್ನ ದುಡಿಮೆಯ ಮೇಲೆಯೇ ಬದುಕುತ್ತಿರಬೇಕು. ಎರಡೂ ನಿಜವೇ ಆಗಿದ್ದರಿಂದ ನನಗೇನೂ ಅಂಜಿಕೆಯಿರಲಿಲ್ಲ. ವಿಚಾರಿಸಲು ವಿಮೆ ಆಫೀಸಿನ ಇನ್ಸ್‌ಪೆಕ್ಟರ್ ಮನೆಗೆ ಬರುತ್ತಾರೆಂದು ತಿಳಿದು ರಜೆ ಹಾಕಿ ಕೂತೆ. ಬೆಳಿಗ್ಗೆ ಅವ್ವನ ತಲೆ ಬಾಚುತ್ತಾ, "ಕೇಳಿದ್ದಕ್ಕೆ ಇದ್ದದ್ದು ಇದ್ದಂಗೆ ಹೇಳವ್ವ, ಸಾಕು," ಎಂದೆ. "ಊಂ" ಎಂದಳು.

ಬಂದವರು ಒಳ್ಳೆಯ ಮನುಷ್ಯ. ಕಬ್ಬಿಣದ ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ಮೆಲ್ಲಗೆ ಕೇಳಿದರು: "ಅಮ್ಮಾ, ನೀವು ಮಗಳ ಜೊತೆಯಲ್ಲೇ ಇರೋದಾ? ನಿಮ್ಮ ಊಟ, ಔಷಧಿ ಎಲ್ಲ ಇವರೇ ನೋಡ್ಕೊಳ್ತಾರಾ?"

ಗೋಡೆಗೆ ಒರಗಿ ಮುದುಡಿಕೊಂಡಿದ್ದ ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಆ ಸೆಟೆದ ಬೆನ್ನು ಕಂಡಾಗಲೇ ಕೆಲಸ ಕೆಟ್ಟಿತು ಎಂದುಕೊಂಡೆ.

"ಅಯ್ಯೋ, ಇಲ್ಲಾ ಸಾಮಿ! ನಾಕ್ ದಿನ ಇದ್ದೋಗಾನ ಅಂತ ಬಂದಿವ್ನಿ. ನಂಗೆ ಮಗ ಅವ್ನೆ. ದೊಡ್ ಮನೆ ಐತೆ, ಬಾಡಿಗೆ ಬತ್ತದೆ, ಯಾಪಾರ ಐತೆ. ರಾಣಿ ಮಡಗ್ದಂಗ್ ಮಡಗವ್ನೆ ನನ್ನ. ಮಗಳ ಮನೇಲಿ ಒಂದ್ ತುತ್ತೂ ಬಿಟ್ಟಿ ತಿನ್ನಲ್ಲ ನಾನು. ನೋಡಿ ಬೇಕಾದ್ರೆ, ಹಿಟ್ಟೂ ನನ್ ಮಗನ್ ಮನೇದೇಯ!" ಎಂದು ಎದ್ದು ಹೋಗಿ, ಏದುಸಿರು ಬಿಡುತ್ತಾ, ಆ ಡಬ್ಬಿ ತಂದು ಅವರ ಮುಂದೆ ಮುಚ್ಚಳ ತೆಗೆದು ತೋರಿಸಿದಳು.

ಆ ಹಿಟ್ಟನ್ನು ಹಿಂದಿನ ದಿನವಷ್ಟೇ ನಾನು ನಮ್ಮ ಬೀದಿಯ ಮಿಲ್ಲಿನಲ್ಲಿ ಬೀಸಿಸಿಕೊಂಡು ಬಂದಿದ್ದೆ.

ನಾನು ಬಾಯಿ ಹಾಕಿದೆ, ಗಂಟಲು ಹರಿದುಕೊಂಡೆ. ಇನ್ಸ್‌ಪೆಕ್ಟರ್ ಪೆನ್ನು ಜೇಬಿಗಿಟ್ಟುಕೊಂಡು ಬಾಗಿಲಾಚೆ ನನ್ನನ್ನು ಕರೆದರು. "ಏನ್ಮಾಡ್ಲಿ ಹೇಳಿ ಮೇಡಂ? ಅವರ ಬಾಯಲ್ಲೇ ಹೀಗೆ ಬಂದ್ಮೇಲೆ ನಾನು ಬೇರೆ ಬರೆಯೋಕಾಗುತ್ತಾ? ನಿಮ್ಮಣ್ಣನ್ನ ಕರ್ಕೊಂಡ್ ಬನ್ನಿ. ತಾಯಿ ನನ್ನ ಆಸರೆಯಲ್ಲಿಲ್ಲ, ತಂಗಿ ಸಾಕ್ತಿದ್ದಾಳೆ ಅಂತ ನಮ್ಮ ಸಾಹೇಬ್ರ ಮುಂದೆ ಹೇಳಲಿ. ಇನ್ನೊಂದ್ಸಲ ನೋಡೋಣ."

ಅವರು ಹೋದ ಮೇಲೆ ನನ್ನ ಕೋಪ ನೆತ್ತಿಗೇರಿತು. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಸುಳ್ಳಲ್ಲ! ಆ ನಿನ್ನ ಹೆಗ್ಗಣ ಬಂದು ಒಂದ್ ದಿನ ನಿನ್ನ ಮುಖ ನೋಡಿದ್ನಾ? ಸಾಯ್ತೀಯವ್ವ ನೀನು, ತಿಳೀತದಾ ನಿಂಗೆ?" ಎಂದು ಕೂಗಿದೆ. ಅವ್ವ ಡಬ್ಬಿಯ ಮುಚ್ಚಳ ಒತ್ತುತ್ತಾ, "ನಾನು ಸತ್ರೆ ಕೊಳ್ಳಿ ಇಡೋನು ಅವ್ನು. ಹೊರಗ್ನೋರ ಮುಂದೆ ಅವ್ನ ಮಾನ ನಾನು ತೆಗೀಲಾ?" ಎಂದಳು. ಬದುಕಿಸುವವಳ ಮಾತಿಗಿಂತ ಕೊಳ್ಳಿ ಇಡುವವನ ಮಾನ ಹೆಚ್ಚಾಯಿತಲ್ಲ ಎಂದು ಹೊಟ್ಟೆ ಉರಿದುಹೋಯಿತು.

ಅಣ್ಣನ ಹತ್ತಿರ ಹೋದೆ. ಮರಳಿನ ಗುಡ್ಡೆಯ ಪಕ್ಕ ನಿಂತು ಲಾರಿ ಇಳಿಸುತ್ತಿದ್ದ. ಎಲ್ಲ ಕೇಳಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಹೆತ್ತ ತಾಯಿಗೆ ಅನ್ನ ಹಾಕಕ್ಕಾಗದ ಗಂಡ್ಸು ನಾನು ಅಂತ ಆಫೀಸ್ನಲ್ಲಿ ನಿಂತು ಸಾರ್ಲಾ? ಊರಲ್ಲಿ ನಾಕ್ ಜನ ನನ್ನ ನ್ಯಾಯಕ್ಕೆ ಕರೀತಾರೆ ಕಣೆ," ಎಂದ. "ಹಂಗಾದ್ರೆ ನೀನೇ ಬೊಂಬಾಯಿಗ್ ಕರ್ಕೊಂಡ್ ಹೋಗು," ಎಂದೆ. ಮರಳು ನೋಡುತ್ತಾ ನಿಂತ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೈದು ಬಂದೆ.

ಅದಾಗಿ ಹದಿನೈದು ದಿನ ಕಳೆದಿರಲಿಲ್ಲ, ಅವ್ವ ಬಚ್ಚಲಲ್ಲಿ ಬಿದ್ದಳು. ಮೂಗಿನಿಂದ ರಕ್ತ ನಿಲ್ಲಲೇ ಇಲ್ಲ. ಆಸ್ಪತ್ರೆಯ ಮಂಚದಲ್ಲಿ ಹತ್ತಿ ತುರುಕಿದ ಮೂಗಿನ ಅವಳನ್ನು ನೋಡಿ ಅಣ್ಣ ಹೊರಗೆ ಹೋದ. ಮಾರನೆಯ ಬೆಳಿಗ್ಗೆ ಸ್ಕೂಟರ್ ತಂದು ನಮ್ಮ ಮನೆ ಮುಂದೆ ನಿಲ್ಲಿಸಿ, "ಹತ್ತು. ಎಲ್ಲೈತೆ ಆ ಆಫೀಸು?" ಎಂದ.

ಆಫೀಸಿನಲ್ಲಿ ಕಾರ್ಖಾನೆಯ ಜನ ಕಿಕ್ಕಿರಿದಿದ್ದರು. ನಮ್ಮ ಊರಿನ ಕಡೆಯವರೂ ಇಬ್ಬರಿದ್ದರು. ಸಾಹೇಬರು ಕೇಳಿದ್ದಕ್ಕೆ ಅಣ್ಣ ಏನೋ ಗೊಣಗಿದ. ಫ್ಯಾನಿನ ಸದ್ದಿಗೆ ಅವರಿಗೆ ಕೇಳಲಿಲ್ಲ. "ಸ್ವಲ್ಪ ಜೋರಾಗಿ ಹೇಳಿ," ಎಂದರು. ಅಣ್ಣ ತಲೆಯೆತ್ತಿ, ಇಡೀ ಕೋಣೆಗೆ ಕೇಳುವಂತೆ ಹೇಳಿದ: "ನಮ್ಮವ್ವನ್ನ ಸಾಕಕ್ಕೆ ನನ್ ಕೈಲಿ ಆಗ್ಲಿಲ್ಲ ಸಾರ್. ನನ್ ತಂಗಿನೇ ಸಾಕ್ತಾ ಅವ್ಳೆ." ಎಲ್ಲರೂ ತಿರುಗಿ ನೋಡಿದರು. ಹೊರಗೆ ಬಂದು ಕಾಫಿ ಕುಡಿಯೋಣ ಎಂದೆ. ಕೇಳಿಸಿತೋ ಇಲ್ಲವೋ, ನನ್ನನ್ನು ಅಲ್ಲೇ ಬಿಟ್ಟು ಸ್ಕೂಟರ್ ಒದ್ದು ಹೊರಟುಹೋದ.

ಅವ್ವನ ಹೆಸರು ನನ್ನ ಕಾರ್ಡಿಗೆ ಬಂತು. ರಕ್ತ ಏರಿಸಿದರು, ಮತ್ತೆ ಮತ್ತೆ ಏರಿಸಿದರು. ಕೆನ್ನೆಗೆ ಒಂದಿಷ್ಟು ಬಣ್ಣ ಬಂತು. ಡಾಕ್ಟರು ಮಾತಿನಂತೆ ಮಜ್ಜೆಯ ವಿಚಾರ ಬೋರ್ಡಿಗೆ ಬರೆದರು. ಬೋರ್ಡಿನವರು ಒಪ್ಪಲಿಲ್ಲ. ಆ ಚಿಕಿತ್ಸೆ ವಿಮೆಯಲ್ಲಿ ಯಾರಿಗೂ ಇನ್ನೂ ಇಲ್ಲ, ಇದ್ದರೂ ಈ ವಯಸ್ಸಿನ ದೇಹ ತಡೆಯುವುದಿಲ್ಲ ಎಂದರು. "ಅರವತ್ತಾದ್ಮೇಲೆ ಬದುಕ್ಬೇಕು ಅನ್ನಿಸೋದು ತಪ್ಪಾ ಸಾರ್?" ಎಂದು ಕೇಳಿಬಿಟ್ಟೆ. ಪಾಪ, ಆ ಕಿರಿಯ ಡಾಕ್ಟರು ನನ್ನ ಸಮಾಧಾನಕ್ಕೆಂದು "ಮುಂದೊಂದು ಕಾಲಕ್ಕೆ ಆಗಬಹುದಮ್ಮ," ಎಂದರು. ಮುಂದಿನ ಕಾಲ ಯಾರಿಗೆ ಬೇಕಾಗಿತ್ತು? ನನ್ನ ಅವ್ವ ಇದ್ದದ್ದು ಆ ಕಾಲದಲ್ಲಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ.

ಕಾರ್ಡು ಸಿಕ್ಕಿದ್ದು ಹೇಗೆಂದು ಅವ್ವನಿಗೆ ನಾನೇ ಹೇಳಿದ್ದೆ. ಹೆಮ್ಮೆಯಿಂದಲೇ ಹೇಳಿದ್ದೆ, ಕೊನೆಗೂ ನಿನ್ನ ಮಗ ನಿನಗಾಗಿ ಒಂದು ಕೆಲಸ ಮಾಡಿದ ಎಂದು. ಅವಳ ಮುಖ ಸುಟ್ಟುಕೊಂಡವಳ ಹಾಗಾಯಿತು. "ಎಂಥಾ ಮಾತಾಡಿಸ್ಬುಟ್ಟೆ ಕಣೆ ನನ್ ಮಗನ್ ಬಾಯಲ್ಲಿ. ಇನ್ನವ್ನು ಇತ್ಲಾಗ್ ಬರಲ್ಲ," ಎಂದು ಗೋಡೆಯ ಕಡೆ ತಿರುಗಿದಳು.

ಅವನು ಬರಲೇ ಇಲ್ಲ. ಹೇಳಿ ಕಳಿಸಿದೆ, ನಮ್ಮ ಯಜಮಾನರನ್ನು ಕಳಿಸಿದೆ. ಕೆಲಸ ಇದೆ, ಲಾರಿ ಬರುತ್ತದೆ ಎಂಬುದೇ ಉತ್ತರ. ಆ ರಕ್ತದ ಬಲದಲ್ಲಿ ಅವ್ವ ಸುಮಾರು ಎಂಟು ತಿಂಗಳು ನಮ್ಮ ಜೊತೆ ಬದುಕಿದಳು. ನನ್ನ ಮೇಲೆ ಸಿಟ್ಟು ಮಾಡಿಕೊಂಡೇ ಬದುಕಿದಳು. ಬೀದಿಯಲ್ಲಿ ಸ್ಕೂಟರ್ ಸದ್ದಾದರೆ ಕಿಟಕಿಗೆ ಮುಖವಿಟ್ಟು, "ಯಾರ್ ಬಂದ್ರು ನೋಡು," ಎನ್ನುವಳು. ಸಂಜೆ ನಾನು ಬೊಮ್ಮನಹಳ್ಳಿಯಿಂದ ಸುಸ್ತಾಗಿ ಒಳಗೆ ಬಂದರೆ ನನ್ನನ್ನು ದಾಟಿ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುವಳು. ದುಡಿದದ್ದು ನಾನು, ಹೇಲು ಉಚ್ಚೆ ಬಳಿದದ್ದು ನಾನು, ಕಾದದ್ದು ಮಾತ್ರ ಅವನಿಗೆ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಅವಳು ಒಂದು ಮಧ್ಯಾಹ್ನ ಹೋದಳು. ಸುದ್ದಿ ಮುಟ್ಟಿದ ಗಂಟೆಯೊಳಗೆ ಅಣ್ಣ ಮೆಟಡೋರ್ ತಂದ. ಬಾಗಿಲಿನ ಹೊರಗೇ ನಿಂತು, "ಹೆಣ ನಮ್ಮನೆಯಿಂದ್ಲೇ ಹೊರಡ್ಬೇಕು," ಎಂದ. ನಮ್ಮ ಯಜಮಾನರು ನನ್ನ ಮುಖ ನೋಡಿದರು. ಈ ಹೊತ್ತಿಗಾಗಿಯೇ ನಾನು ತಿಂಗಳುಗಟ್ಟಲೆ ಮಾತು ಕೂಡಿಟ್ಟಿದ್ದೆ.

"ಬದುಕಿದ್ದಾಗ ಎಲ್ಲಿ ಹಾಳಾಗ್ ಹೋಗಿದ್ದೆ?" ಎಂದೆ.

"ಆವತ್ತು ಅಲ್ಲಿ ಹಂಗಂದ್ಮೇಲೆ ಯಾವ್ ಮೊಕ ಇಟ್ಕೊಂಡ್ ಅವಳ್ ಮುಂದೆ ನಿಂತ್ಕಳ್ಲಿ?" ಎಂದವನೇ ಮಕ್ಕಳ ಹಾಗೆ ಅಳತೊಡಗಿದ. ಆಮೇಲೆ ಕೇಳಿದ: "ಅವ್ವ ನನ್ನ ಕೇಳ್ತಿದ್ಲಾ?"

ಇಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂತು. ಒಳಗೆ ಮಲಗಿದ್ದ ಅವ್ವನ ಮುಖ ಇನ್ನೂ ಕಿಟಕಿಯ ಕಡೆಗೇ ಇತ್ತು.

"ಕರ್ಕೊಂಡ್ ಹೋಗಣ್ಣ," ಎಂದೆ. "ನೀನು ಬಂದು ಕರ್ಕೊಂಡ್ ಹೋಗ್ತೀಯ ಅಂತ್ಲೇ ದಿನಾ ಕಾಯ್ತಿದ್ಲು."

ಅವನು ಹೊಸ್ತಿಲು ದಾಟಿ ಒಳಗೆ ಬಂದ. ತಲೆಯ ಕಡೆ ಅವನು ಹಿಡಿದ, ಕಾಲಿನ ಕಡೆ ನಾನು.