ಹತ್ತರಲ್ಲಿ ಏಳು ಕಳೆದರೆ ನಾಲ್ಕು

ಪ್ಯೋ ಗ್ವಾಂಗ್-ಇಕ್ ಮೂವತ್ತೆಂಟು ವರ್ಷ ಗಂಗ್‌ಜಿನ್ ಪೇಟೆಯ ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತಿ ನಿವೃತ್ತರಾದವರು. ಸಂಪಾದಿಸಿದ್ದು ಒಂದು ಬೆನ್ನುನೋವು, ಒಂದು ಹಿರಿತನ. ಬೆನ್ನುನೋವಿಗೆ ಮುಲಾಮು ಹಚ್ಚಿ ಮನೆಯಲ್ಲೇ ಬಿಡಲು ನೋಡುತ್ತಿದ್ದರು; ಹಿರಿತನವನ್ನು ಮಾತ್ರ ದಿನವೂ ಹಿರಿಯರ ಕೂಟಕ್ಕೆ ಹೊತ್ತು ತರುತ್ತಿದ್ದರು. ಅಲ್ಲಿ ಅಡಿಯಿಂದ ಕಾಯಿಸಿದ ನೆಲದ ಅತಿ ಬೆಚ್ಚನೆಯ ಜಾಗ, ಹಿರಿಯರೆಂದು, ಅವರದು. ಅವರು ಚಮಚ ಎತ್ತುವವರೆಗೆ ಬೇರೆಯವರು ಅನ್ನ ಮುಟ್ಟುವಂತಿಲ್ಲ. ಎರಡು ವರ್ಷದ ಹಿಂದೆ ಪೇಟೆಗೆ ಬಂದ ರೈಲ್ವೆಯಿಂದ ನಿವೃತ್ತರಾದ ತಾಕ್ ಬೊಂಗ್-ಹೊ ಮೊದಲ ದಿನವೇ ಪ್ಯೋ ಅವರ ವಯಸ್ಸು ಕೇಳಿ, ತಮ್ಮದು ಒಂದು ಕಡಿಮೆ ಎಂದು ತಲೆಬಾಗಿ, ಅಂದಿನಿಂದ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು.

ಈ ಅಕ್ಟೋಬರಿನಲ್ಲಿ ಕೂಟದಲ್ಲಿ ಕಂಪ್ಯೂಟರ್ ತರಗತಿ ಶುರುವಾಯಿತು. ಕಲಿಸಲು ಬಂದ ಸೊ ಯು-ರಿಮ್ ಎಂಬ ಹುಡುಗಿ, ಕೂಡುವ ಕಳೆಯುವ ಪುಟ್ಟ ಕ್ಯಾಲ್ಕುಲೇಟರ್ ಪ್ರೋಗ್ರಾಂ ಬರೆಯಿರಿ ಎಂದಳು. ಪ್ಯೋ ಎಲ್ಲರಿಗಿಂತ ಮೊದಲು ಮುಗಿಸಿದರು. ಅದರಲ್ಲಿ ಹತ್ತರಿಂದ ಏಳು ಕಳೆದರೆ ನಾಲ್ಕು ಬರುತ್ತಿತ್ತು.

ಟೀಚರಮ್ಮ ಹುಡುಕಿದರೆ, ಕಳೆಯುವ ಸಾಲಿನ ಕೊನೆಯಲ್ಲಿ ಪ್ಯೋ ಒಂದನ್ನು ಕೂಡಿಸಿಟ್ಟಿದ್ದರು. ಮನುಷ್ಯನಿಗೆ ಕಳೆಯುವ ಲೆಕ್ಕ ಬೇಕಾಗುವುದು ವಯಸ್ಸು ತಿಳಿಯಲು, ನಾಡಿನ ಹಳೆಯ ಲೆಕ್ಕದಲ್ಲಿ ಮಗು ಹುಟ್ಟುವಾಗಲೇ ಒಂದು ವರ್ಷದ್ದು, ಅದನ್ನು ಬಿಟ್ಟರೆ ಹೇಗೆ ಎಂಬುದು ಅವರ ವಾದ. ಆ ಒಂದನ್ನು ಕಾನೂನೇ ತೆಗೆದುಹಾಕಿದೆಯಲ್ಲ ಎಂದು ಆಕೆ ನೆನಪಿಸಿದಳು. ತಾನು ತಾಯಿಯ ಹೊಟ್ಟೆಯಲ್ಲಿದ್ದಾಗ ಈ ಕಾನೂನು ಎಲ್ಲಿತ್ತು ಎಂದರು ಪ್ಯೋ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

"ಸರಿ ತಾತ, ಹತ್ತು ಸೇಬಿತ್ತು, ಏಳು ತಿಂದ್ರಿ. ಆ ನಾಲ್ಕನೇದು ಯಾರ ಹೊಟ್ಟೆಯಿಂದ ಬಂತು?"

ತರಗತಿಯೆಲ್ಲ ನಕ್ಕಿತು. ಪ್ಯೋ ಮುಖ ಗಂಟಿಕ್ಕಿ ಒಂದನ್ನು ಅಳಿಸಿದರು. ವಯಸ್ಸಿಗೆ ಬೇರೆ ಸಾಲು ಬರೆಯೋಣವೆಂದು ಸಮಾಧಾನ ಮಾಡಿದ ಟೀಚರಮ್ಮ, ಈ ವರ್ಷದಿಂದ ಹುಟ್ಟಿದ ವರ್ಷ ಕಳೆದ ಮೇಲೆ, ಈ ಸಲದ ಹುಟ್ಟುಹಬ್ಬ ಇನ್ನೂ ಬರದವರಿಗೆ ಮತ್ತೊಂದನ್ನು ಕಳೆಯುವಂತೆ ಮಾಡಿಸಿದಳು. ಪ್ಯೋ ತಮ್ಮ ಹುಟ್ಟಿದ ದಿನಾಂಕ ಒತ್ತಿ ನೋಡಿದರು. ಅವರದು ನವೆಂಬರ್. ಎಪ್ಪತ್ತೈದು ಎಂದು ಮೆರೆಯುತ್ತಿದ್ದವರು ಎಪ್ಪತ್ತಮೂರಕ್ಕೆ ಇಳಿದರು. ಪಕ್ಕದಲ್ಲಿದ್ದ ತಾಕ್ ಬೇಡ ಬೇಡವೆಂದರೂ ಆಕೆ ಅವರ ಗುರುತಿನ ಚೀಟಿ ನೋಡಿ ದಿನಾಂಕ ಒತ್ತಿದಳು. ಅದೇ ವರ್ಷ, ಮಾರ್ಚ್. ಎಪ್ಪತ್ತನಾಲ್ಕು.

ಪ್ಯೋ ಅವರಿಗೆ ಇದ್ದ ಒಂದೇ ದೊಡ್ಡಸ್ತಿಕೆ ಎಲ್ಲರ ಎದುರಿಗೇ ಹೋಗಿತ್ತು. ಎಲ್ಲವನ್ನೂ ಅಳಿಸಿ ಹಳೆಯದನ್ನೇ ಬರೆಯಲು ಬೆರಳು ತುಡಿಯಿತು. ಆದರೆ ಒಂದು ಕಾಗದವನ್ನೂ ತಪ್ಪು ಮನೆಗೆ ಕಳಿಸದ ಮನುಷ್ಯ ಅವರು. ಎದ್ದು ನಿಂತು, ನೋಯುವ ಬೆನ್ನು ಬಗ್ಗಿಸಿ, ತಾಕ್ ಅವರನ್ನು ಅಣ್ಣ ಎಂದರು.

ತಾಕ್ ಅವರ ಮುಖ ಪ್ಯೋ ಅವರದಕ್ಕಿಂತ ಹೆಚ್ಚು ಬಾಡಿತು. ಪ್ಯೋ ಹಳೆಯ ಲೆಕ್ಕದ ವಯಸ್ಸು ಹೇಳುತ್ತಿದ್ದಾರೆಂದು ಮೊದಲ ದಿನವೇ ಗೊತ್ತಾಗಿತ್ತಂತೆ. ತಾವು ಚಿಕ್ಕವರಾಗಲೆಂದು ಬೇಕೆಂದೇ ಕಾನೂನಿನ ವಯಸ್ಸು ಹೇಳಿದ್ದರಂತೆ.

"ಹೋಟೆಲಿಗೆ ಹೋದ್ರೆ ದೊಡ್ಡೋನೇ ತಾನೇ ದುಡ್ಡು ಕೊಟ್ಟು ಎಲ್ರಿಗೂ ಉಣಿಸ್ಬೇಕಾದ್ದು?" ಎಂದರು ಮೆಲ್ಲಗೆ. "ಆ ಒಂದನ್ನ ವಾಪಸ್ ಹಾಕ್ಬಿಡಿ, ಅಣ್ಣ."

ಅಂದು ಮಧ್ಯಾಹ್ನ ಶಾವಿಗೆ ಅಂಗಡಿಯಲ್ಲಿ ಪ್ಯೋ ಎರಡು ಬಟ್ಟಲು ಮುಗಿಸಿ, ಮೂರನೆಯದಕ್ಕಾಗಿ ಹೊಸ ಅಣ್ಣ ತಾಕ್ ಅವರ ಮುಖ ನೋಡಿದರು.